ದಿಂಬಿನ ಮೇಲಿನ ಚಾಕಲೇಟು

ಕೆನಡಾದ ಓಕ್‌ವಿಲ್‌ನಿಂದ ವಿಯೆನ್ನಾಕ್ಕೆ ಬಂದು, ನಮ್ಮ ಅಂತಸ್ತಿಗೆ ಮೀರಿದ ಹೋಟೆಲಿನಲ್ಲಿ ಇಳಿದುಕೊಂಡಿದ್ದೇವೆ. ಇಲ್ಲಿ ಸಂಜೆ ಒಬ್ಬ ಹೆಂಗಸು ಬಂದು ಹಾಸಿಗೆ ಸರಿಪಡಿಸಿ, ದಿಂಬುಗಳ ಮೇಲೆ ಚಾಕಲೇಟು ಇಟ್ಟು, ನಮ್ಮ ಮುಖವನ್ನೂ ನೋಡದೆ ಹೋಗುತ್ತಾಳೆ. ನಿನ್ನೆ ಅವಳು ಹೊರಟಾಗ, ಧಾರವಾಡದ ನನ್ನ ಅತ್ತೆ ಕುಂಕುಮದ ಡಬ್ಬಿ ಹಿಡಿದು ಬಾಗಿಲಿಗೆ ಅಡ್ಡ ನಿಂತರು.

“ಅಜ್ಜಿ, ಶಿ ಈಸ್ ವರ್ಕಿಂಗ್!” ಎಂದಳು ಮಗಳು.

“ಕೆಲಸಕ್ಕ ಬಂದ್ರೇನಾತು? ದೀಪಾ ಹಚ್ಚೋ ಹೊತ್ತಿನ್ಯಾಗ ಬಂದ ಹೆಣ್ಮಗಳನ್ನ ಹಂಗ ಕಳಸ್ತಾರೇನು?”

ನನಗೋ ಭೂಮಿಗಿಳಿದು ಹೋದಂತಾಯಿತು. ಇದು ನಮ್ಮ ಪದ್ಧತಿ ಎಂದು ಇಂಗ್ಲಿಷಿನಲ್ಲಿ ತಡವರಿಸಿದೆ. ಆ ಹೆಂಗಸು, ಯಾರಾದರೂ ಕಂಡಾರೆಂದು ಕಾರಿಡಾರಿನತ್ತ ಒಮ್ಮೆ ನೋಡಿ, ಹಣೆಯೊಡ್ಡಿದಳು.

ಇವತ್ತೂ ಬಂದಳು. ಹಣೆಯಲ್ಲಿ ಏನೂ ಉಳಿದಿರಲಿಲ್ಲ. ಹಾಸಿಗೆ ಸರಿಪಡಿಸಿ, ಎಂದಿನಂತೆ ನಮ್ಮ ದಿಂಬುಗಳ ಮೇಲೆ ಚಾಕಲೇಟು ಇಟ್ಟಳು. ಅತ್ತೆಯದನ್ನು ಮಾತ್ರ ಅವರ ಕೈಗೇ ಕೊಟ್ಟಳು.