ಆಮೆ ಏರು ಹತ್ತಿದ್ದು

ನನ್ನ ಗಂಡನನ್ನು ಊರು ಆಮೆ ಎಂದು ಕರೆಯುತ್ತದೆ. ಎದುರಿಗಲ್ಲ, ಬೆನ್ನ ಹಿಂದೆ. ತರಕಾರಿಯವನು, ಹಾಲಿನವನು, ಕೊನೆಗೆ ನನ್ನ ಸ್ವಂತ ಅಳಿಯ ಕೂಡ. "ಅತ್ತೆ, ಮಾವ ಎಲ್ಲಿ?" ಎಂದು ಕೇಳುವಾಗ ಆ ಹೆಸರು ಅವನ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುವುದು ನನಗೆ ಗೊತ್ತಾಗುತ್ತದೆ. ಪೊಲೀಸ್ ಇಲಾಖೆಯಲ್ಲಿ ತಲೆ ನೆರೆಯುವವರೆಗೆ ಗಾಡಿ ಓಡಿಸಿದ ಮನುಷ್ಯನಿಗೆ ಸಿಕ್ಕ ಬಿರುದು ಇದು. ಹೇಗೆ ಸಿಕ್ಕಿತೆಂದು ಹೇಳಿಬಿಡುತ್ತೇನೆ. ಹೇಳದಿದ್ದರೆ ನನ್ನೊಳಗಿನ ಬೆಂಕಿ ಆರುವುದಿಲ್ಲ.

ಅವರು ಓಡಿಸುತ್ತಿದ್ದದ್ದು ಡೀಸೆಲ್ ಕಾರು. ಗಟ್ಟಿ ಗಾಡಿ, ಒಳ್ಳೆಯ ಗಾಡಿ. ಒಂದು ದಿನ ಇಲಾಖೆಯ ವಾಹನ ವಿಭಾಗಕ್ಕೆ ಹೊಸ ಸಾಹೇಬರೊಬ್ಬರು ಬಂದರು. ಬಂದವರಿಗೆ ಡೀಸೆಲ್ ಉಳಿಸುವ ಹುಕಿ ಹತ್ತಿತು. ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪಿನಲ್ಲಿ ಒಂದು ತಿರುಪು ಇರುತ್ತದೆ. ಅದನ್ನು ಒಂದು ಕಡೆಗೆ ತಿರುಗಿಸಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಕಡಿಮೆ. ಸಾಹೇಬರು ಎಲ್ಲ ಗಾಡಿಗಳ ತಿರುಪನ್ನೂ ಕಡಿಮೆಗೆ ಇಳಿಸಿ, ಅದಕ್ಕೆ ತಂತಿ ಸುತ್ತಿ, ತಂತಿಯ ತುದಿಗೆ ಸೀಸದ ಮುದ್ರೆ ಒತ್ತಿಸಿದರು. ಸೀಲು ಮುರಿದ ಡ್ರೈವರ್ ಮನೆಗೆ ಹೋಗತಕ್ಕದ್ದು ಎಂದು ಆದೇಶವೂ ಆಯಿತು. ಕಳ್ಳರನ್ನು ಬೆನ್ನಟ್ಟಬೇಕಾದ ಗಾಡಿಗಳು ಅಂದಿನಿಂದ ಶವಯಾತ್ರೆಗೆ ಹೊರಟಂತೆ ಹೊರಡತೊಡಗಿದವು. ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆಯಿತು. ಏರು ಬಂದರೆ ಒಂದನೇ ಗೇರಿನಲ್ಲಿ ಗೋಳಾಡುತ್ತ ಹತ್ತಬೇಕು. ಹಾಗೆ ಗೋಳಾಡುವ ಗಾಡಿ ಡೀಸೆಲ್ ಉಳಿಸುತ್ತದೆಯೇ? ಕೇಳುವವರು ಯಾರು?

ನಮ್ಮ ಊರಿನ ಮೇಲ್ತುದಿಗೆ ಹೋಗುವ ಕಡಿದಾದ ದಾರಿಯನ್ನು ಏರುಬೀದಿ ಎನ್ನುತ್ತಾರೆ. ಅದರ ತುದಿಯಲ್ಲಿ ಒಬ್ಬಳು ಬಟ್ಟೆ ಹೊಲಿದು ಬದುಕುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಠಾಣೆಗೆ ಫೋನ್ ಮಾಡಿದಳು. "ನನ್ನ ಗಂಡ ಬಾಗಿಲು ಒಡೀತಿದ್ದಾನೆ, ಬೇಗ ಬನ್ನಿ." ನಮ್ಮವರು ನಾಲ್ಕು ಜನ ಪೊಲೀಸರನ್ನು ಹತ್ತಿಸಿಕೊಂಡು ಹೊರಟರು. ಏರುಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಗಾಡಿ ಉಸಿರು ಬಿಟ್ಟಿತು. ನಿಲ್ಲಲಿಲ್ಲ, ತೆವಳಿತು. ಕೊನೆಗೆ ಮುಂದೆ ಕೂತವನು ಇಳಿದು ಹಿಂಬಾಗಿಲು ತೆಗೆದ, ಪೊಲೀಸರೆಲ್ಲ ಇಳಿದು ಓಡಿದರು. ಓಡಿದವರು ಗಾಡಿಯನ್ನು ಹಿಂದೆ ಹಾಕಿ ಹೋದರು. ಬೀದಿಯ ಎರಡೂ ಬದಿಯಲ್ಲಿ ಜನ ನಿಂತು ನಕ್ಕರು. ಆಮೆ ಎಂಬ ಹೆಸರು ಹುಟ್ಟಿದ್ದು ಅಲ್ಲೇ.

ಪೊಲೀಸರು ಮೇಲೆ ತಲುಪಿದಾಗ ನಗುವಂಥದ್ದೇನೂ ಇರಲಿಲ್ಲ. ಆ ಪಾಪಿ ಅವಳದೇ ಇಸ್ತ್ರಿಪೆಟ್ಟಿಗೆಯಿಂದ ಅವಳ ಬಲಗೈಯನ್ನು ಜಜ್ಜಿ ಮುಗಿಸಿದ್ದ. ಹೊಲಿಗೆಯವಳ ಬಲಗೈ. ನಾನು ಆಗ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸದಲ್ಲಿದ್ದೆ. ಅವಳ ಹಾಸಿಗೆಯ ಬಟ್ಟೆಗಳು ನನ್ನ ಕೈಗೇ ಬಂದವು. ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ.

ವಿಚಾರಣೆ ನಡೆಯಿತು. ನಮ್ಮವರು ಪಂಪಿನ ಸೀಲಿನ ವಿಷಯ ಹೇಳಿದರು. "ಎಲ್ಲಾ ಗಾಡಿಗಳಿಗೂ ಸೀಲ್ ಇದೆಯಲ್ಲಯ್ಯಾ, ನಿನಗೊಬ್ಬನಿಗೇ ಏನು ಬಂತು ರೋಗ?" ಎಂದರಂತೆ ವಿಚಾರಣೆಗೆ ಬಂದ ಅಧಿಕಾರಿಗಳು. ಚಾಲಕನ ನಿರ್ಲಕ್ಷ್ಯ ಎಂದು ಬರೆದು ಕೈತೊಳೆದುಕೊಂಡರು. ನಮ್ಮವರಿಗೆ ಬರಬೇಕಿದ್ದ ಬಡ್ತಿ ಹೋಯಿತು. ಡೀಸೆಲ್ ಉಳಿಸಿದ ಸಾಹೇಬರಿಗೆ ಅದೇ ವರ್ಷ ಸನ್ಮಾನವಾಯಿತು. ಹಾರ ಹಾಕಿಸಿಕೊಂಡು ನಿಂತ ಅವರ ಫೋಟೋ ಠಾಣೆಯ ಗೋಡೆಗೆ ಬಂತು. ಅದರ ಕೆಳಗೇ ನನ್ನ ಗಂಡ ದಿನವೂ ಸಹಿ ಹಾಕಬೇಕು. ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ಬಡ್ತಿ ಹೋದದ್ದನ್ನು ಅವರು ನುಂಗಿಕೊಂಡರು. ನುಂಗಲಾಗದ್ದು ಒಂದೇ. ಆ ಹೊಲಿಗೆಯವಳು ಕಂಡಕಂಡವರಿಗೆ, "ಡ್ರೈವರ್ ನನ್ನ ಗಂಡನ ಜೊತೆ ಶಾಮೀಲು, ಬೇಕಂತಲೇ ನಿಧಾನ ಬಂದ" ಎಂದು ಹೇಳಿದಳು. ಅವಳು ಹಾಗೆಂದುಕೊಂಡದ್ದರಲ್ಲಿ ತಪ್ಪೇನು? ಪೊಲೀಸ್ ಗಾಡಿಯ ಪಂಪಿಗೆ ಪೊಲೀಸರೇ ಬೀಗ ಹಾಕಿದ್ದಾರೆ ಎಂದು ಯಾರ ಕನಸಿಗಾದರೂ ಬರುತ್ತದೆಯೇ? ನಮ್ಮವರು ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟರು.

ನಿವೃತ್ತಿಯಾದ ಮೇಲೆ ಒಂದು ದಿನ ತುಟಿ ಪಿಟಕ್ಕೆನ್ನದೆ ಹರಾಜಿಗೆ ಹೋಗಿ, ಅದೇ ಗಾಡಿಯನ್ನು ಕೊಂಡು ಮನೆ ಮುಂದೆ ತಂದು ನಿಲ್ಲಿಸಿದರು. ನೆತ್ತಿಯ ಮೇಲೆ ಪೊಲೀಸ್ ದೀಪ ಕಿತ್ತ ಜಾಗದಲ್ಲಿ ತೂತುಗಳು. ಬಾಗಿಲ ಮೇಲೆ ಪೊಲೀಸ್ ಎಂಬ ಅಕ್ಷರಗಳನ್ನು ಕೆರೆದಿದ್ದರೂ ಗುರುತು ಉಳಿದಿತ್ತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. "ನಿಮ್ಮ ಮಾನ ಕಳೆದ ಗಾಡೀನ ದುಡ್ಡು ಕೊಟ್ಟು ಮನೆಗೆ ತಂದಿದ್ದೀರಲ್ಲ, ತಲೆಗಿಲೆ ಕೆಟ್ಟಿದೆಯಾ?"

"ಮಾನ ಕಳೆದದ್ದು ಗಾಡಿ ಅಲ್ಲ ಕಣೇ" ಎಂದರು.

ಮರುದಿನದಿಂದ ಅಂಗಳ ಗ್ಯಾರೇಜಾಯಿತು. ಪಕ್ಕದ ಬೀದಿಯ ಮೆಕ್ಯಾನಿಕ್ ಹುರುಪಿನಿಂದ ಬಂದ. "ಅಗಲ ಟೈರ್ ಹಾಕೋಣ ಸಾರ್. ಸೈಲೆನ್ಸರ್ ಬದಲಾಯಿಸಿದ್ರೆ ಹೋಗೋ ಸದ್ದಿಗೇ ಜನ ದಾರಿ ಬಿಡ್ತಾರೆ."

"ಸದ್ದು ಯಾರಿಗೆ ಬೇಕಪ್ಪ? ಜನ ತುಂಬಿಕೊಂಡು ಏರುಬೀದೀನ ಎರಡನೇ ಗೇರಲ್ಲಿ ಹತ್ತಬೇಕು. ಅದು ಬಿಟ್ಟು ನನಗೇನೂ ಬೇಡ."

ಮೆಕ್ಯಾನಿಕ್‌ನ ಮುಖ ಇಳಿಯಿತು. ಆದರೂ ಕೆಲಸ ಬಲ್ಲವನು. ಠಾಣೆಯ ಮುಂದೆ ಎಂಜಿನ್ ಆರಿಸದೆ ನಿಂತೂ ನಿಂತೂ ಗಾಡಿಯೊಳಗೆ ಮಸಿ ಕಟ್ಟಿತ್ತು. ಸೈಲೆನ್ಸರ್ ಬಿಚ್ಚಿ ಬಡಿದಾಗ ಒಲೆಯ ಬೂದಿಯಂತೆ ಕರಿ ಉದುರಿ, ನನ್ನ ಒಗೆದ ಬಟ್ಟೆಯ ಮೇಲೆಲ್ಲ ಕೂತಿತು. ಗಾಳಿಯ ಫಿಲ್ಟರ್ ಹೊಸದಾಯಿತು, ಕ್ಲಚ್ ಪ್ಲೇಟ್ ಹೊಸದಾಯಿತು. ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ನಡುವೆ ಕಬ್ಬಿಣದ ಜಾಲರಿ ಇತ್ತು. ಅದನ್ನು ಕಿತ್ತು ಇಬ್ಬರೂ ಎತ್ತಲಾರದೆ ಎತ್ತಿ ಹೊರಗಿಟ್ಟರು. ಸತ್ತ ಸೈರನ್, ಹಳೆಯ ವೈರ್‌ಲೆಸ್ಸಿನ ಪೆಟ್ಟಿಗೆ, ಬಂಪರಿಗೆ ಬೆಸೆದ ಉಕ್ಕಿನ ಪಟ್ಟಿ, ಎಲ್ಲವೂ ಹೋದವು. ಸಂಜೆಯಾದರೆ ನಮ್ಮವರ ಉಗುರಿನಲ್ಲಿ ಗ್ರೀಸು, ಮುಖದಲ್ಲಿ ಮದುವೆ ಗಂಡಿನ ಕಳೆ. ಈ ವಯಸ್ಸಿನಲ್ಲಿ ನನಗೊಬ್ಬ ಸವತಿ ಬಂದಳು ಎಂದು ಮಗಳಿಗೆ ಫೋನಿನಲ್ಲಿ ಹೇಳಿದೆ.

ಪಂಪನ್ನು ಕೊನೆಗೆ ಉಳಿಸಿಕೊಂಡಿದ್ದರು. ಒಂದು ಬೆಳಿಗ್ಗೆ ನನ್ನನ್ನು ಕರೆದು ತೋರಿಸಿದರು. ಸೀಸದ ಮುದ್ರೆ ಇನ್ನೂ ಹಾಗೇ ಇತ್ತು. ಹರಾಜಿಗೆ ಹಾಕಿದವರು ಅದನ್ನು ಬಿಚ್ಚುವ ಗೋಜಿಗೂ ಹೋಗಿರಲಿಲ್ಲ. ನಮ್ಮವರು ಇಕ್ಕಳ ಹಿಡಿದು ತಂತಿಯನ್ನು ಕಟ್ ಎಂದು ಕತ್ತರಿಸಿದರು. ಸ್ಕ್ರೂಡ್ರೈವರಿನಿಂದ ತಿರುಪನ್ನು ಅಳತೆ ನೋಡಿ ನೋಡಿ ತಿರುಗಿಸಿದರು. ಹೆಚ್ಚು ತಿರುಗಿಸಿದರೆ ಕರಿ ಹೊಗೆ, ಕಡಿಮೆಯಾದರೆ ಮತ್ತೆ ಆಮೆ. ಎಂಜಿನ್ನಿನ ದನಿ ಬದಲಾಯಿತು. ನನ್ನ ಕಿವಿಗೂ ಅದು ತಿಳಿಯಿತು.

ಪೊಲೀಸರ ಬದಲಿಗೆ ಹಿಂದಿನ ಸೀಟಿನಲ್ಲಿ ಮರಳಿನ ಮೂಟೆಗಳನ್ನಿಟ್ಟರು. ಒಂದು ಮೂಟೆ ಕಡಿಮೆ ಬಿತ್ತು. "ನೀನು ಹತ್ತು, ಹವಾಲ್ದಾರನಷ್ಟು ತೂಕ ಇದ್ದೀಯ" ಎಂದರು. ಬೈಯುತ್ತಲೇ ಹಿಂದೆ, ಮೂಟೆಗಳ ಪಕ್ಕಕ್ಕೆ ಹತ್ತಿದೆ. ಏರುಬೀದಿಯ ಬುಡಕ್ಕೆ ಬಂದಾಗ ಅವರು ಎರಡನೇ ಗೇರಿಗೆ ಹಾಕಿದರು. ಗಾಡಿ ಹಿಂಜರಿಯದೆ ಹತ್ತಿತು. ಅಂದು ನಿಂತು ನಕ್ಕವರ ಅಂಗಡಿಗಳು ಎರಡೂ ಬದಿಯಲ್ಲಿ ಸರಸರ ಹಿಂದೆ ಸರಿದವು. ನನಗೆ ಅಳುವೂ ಬಂತು, ಎಲ್ಲರಿಗೂ ನಾಲಿಗೆ ಚಾಚಿ ಅಣಕಿಸಬೇಕೆಂದೂ ಅನ್ನಿಸಿತು.

ಹೊಲಿಗೆಯವಳು ಬಾಗಿಲಲ್ಲೇ ಕೂತಿದ್ದಳು. ಬಲಗೈಯ ಬೆರಳುಗಳು ಮಡಚಿಕೊಂಡೇ ಇದ್ದವು. ಅಂಗೈಯ ಬುಡದಿಂದ ಬಟ್ಟೆಯನ್ನು ಒತ್ತಿ ಹಿಡಿದು, ಎಡಗೈಯಿಂದ ಹೊಲಿಯುತ್ತಿದ್ದಳು. ಗಾಡಿಯನ್ನು ನೋಡಿದ್ದೇ ಅವಳ ಮುಖ ಗಡುಸಾಯಿತು. ನಮ್ಮವರು ಇಳಿದು ಹೋಗಿ ಸೀಲಿನ ಕತೆಯನ್ನೆಲ್ಲ ಹೇಳಿದರು. ನಾನು ಇಳಿಯಲು ನೋಡಿದರೆ ಹಿಂಬಾಗಿಲು ತೆರೆಯಲಿಲ್ಲ. ಕಳ್ಳರು ಓಡಿಹೋಗದಂತೆ ಅದಕ್ಕೆ ಒಳಗಿನಿಂದ ಹಿಡಿಕೆಯೇ ಇಟ್ಟಿರಲಿಲ್ಲ. ಕಿಟಕಿಯಿಂದ ತಲೆ ಹಾಕಿ ಕೇಳುತ್ತ ಕೂತೆ.

ಅವಳು ಎಲ್ಲವನ್ನೂ ಕೇಳಿ, "ಆ ಸೀಲ್ ಮುರಿಯೋಕೆ ನಿಮಗೆ ಎಷ್ಟು ಹೊತ್ತು ಹಿಡೀತು?" ಎಂದಳು.

ನಮ್ಮವರು ಸುಳ್ಳು ಹೇಳುವವರಲ್ಲ. "ಹೊತ್ತೇನೂ ಹಿಡೀಲಿಲ್ಲಮ್ಮ. ಇಕ್ಕಳ ಇದ್ರೆ ಸಾಕು" ಎಂದರು. ಹೇಳಿದ ಮೇಲೆ ತಲೆ ತಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. "ಮುರಿದಿದ್ರೆ ಇವರ ಕೆಲಸ ಹೋಗ್ತಿತ್ತಮ್ಮ" ಎಂದು ಕಿಟಕಿಯಿಂದಲೇ ಕೂಗಿದೆ.

ಅವಳು ನನ್ನ ಕಡೆ ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹೊಲಿಗೆಯನ್ನು ಪಕ್ಕಕ್ಕಿಟ್ಟು, "ನಿಮ್ಮ ನಂಬರ್ ಕೊಟ್ಟು ಹೋಗಿ. ಈ ಬೀದೀಲಿ ಕೈ ಎತ್ತೋ ಗಂಡಸರು ಇನ್ನೂ ಇದ್ದಾರೆ" ಎಂದಳು.

ಮನೆಗೆ ಬಂದು ಮೊದಲು ನಾನು ಹಟ ಹಿಡಿದು ಹಿಂಬಾಗಿಲಿಗೆ ಹಿಡಿಕೆ ಹಾಕಿಸಿದೆ. ನಮ್ಮವರು ಇಕ್ಕಳವನ್ನು ಗಾಡಿಯಲ್ಲೇ ಇಟ್ಟರು.

ಫೋನ್ ಬಂದದ್ದು ಮಳೆಗಾಲ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ. "ಅಣ್ಣಾ, ಬೇಗ ಬನ್ನಿ. ಎದುರು ಮನೆ ಹುಡುಗೀನ ಅವಳ ಗಂಡ ಒಳಗೆ ಹಾಕ್ಕೊಂಡಿದ್ದಾನೆ. ಠಾಣೆಗೂ ಹೇಳಿದ್ದೀನಿ." ಅಣ್ಣಾ ಎಂದಳು. ನಮ್ಮವರು ಚಪ್ಪಲಿ ಕೂಡ ಮೆಟ್ಟಲಿಲ್ಲ. ನಾನು ಮುಂದಿನ ಸೀಟಿಗೆ ಹಾರಿ ಕೂತೆ.

ಏರುಬೀದಿಯ ಅರ್ಧದಲ್ಲಿ ಹೊಸ ಪೊಲೀಸ್ ಗಾಡಿ ತೆವಳುತ್ತಿತ್ತು. ಬಣ್ಣ ಹೊಸದು, ದೀಪ ಹೊಸದು, ಗೋಳು ಅದೇ. ನಾವು ನೋಡುತ್ತಿದ್ದಂತೆಯೇ ಮೂವರು ಪೊಲೀಸರು ಇಳಿದು ಓಡತೊಡಗಿದರು. ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಕಳೆದರೂ, ಒಬ್ಬಳ ಕೈ ಹೋದರೂ, ಇವರು ಕಲಿತದ್ದು ಇಷ್ಟೇ ಏನು? ನಮ್ಮವರು ಪಕ್ಕಕ್ಕೆ ತಂದು ನಿಲ್ಲಿಸಿದರು. ನಾನು ಇಳಿದು ಹಿಂಬಾಗಿಲು ತೆಗೆದು, "ಹತ್ರಪ್ಪ" ಎಂದೆ. ಏದುಸಿರು ಬಿಡುತ್ತ ಹತ್ತಿದರು. ಎರಡನೇ ಗೇರು. ಮರಳಿನ ಮೂಟೆಗಳನ್ನು ಒಯ್ದಂತೆ ಆಮೆ ಅವರನ್ನು ಮೇಲಕ್ಕೆ ಒಯ್ದಿತು.

ಪೊಲೀಸರು ಬಾಗಿಲು ಒಡೆದು ನುಗ್ಗಿದಾಗ ಆ ಹುಡುಗಿಯ ಗಂಡನ ಕೈಯಲ್ಲಿ ಎತ್ತಿದ ಕುರ್ಚಿ ಇತ್ತು. ಅವಳ ಮೇಲೆ ಅಪ್ಪಳಿಸುವ ಮೊದಲೇ ಹಿಡಿದರು. ಹುಡುಗಿ ಮೂಲೆಯಲ್ಲಿ ನಡುಗುತ್ತಿದ್ದಳು. ಹೊಲಿಗೆಯವಳು ಅವಳ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿ, "ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಲೇ ಇದ್ದಳು. ನಮ್ಮವರು ಹೊರಗೆ ಗೋಡೆಗೆ ಒರಗಿ ನಿಂತಿದ್ದರು.

ಅಷ್ಟು ಹೊತ್ತಿಗೆ ಪೊಲೀಸ್ ಗಾಡಿಯೂ ಹೇಗೋ ಮೇಲೆ ಬಂದು ಸೇರಿತು. ಡ್ರೈವರ್ ನಡುವಯಸ್ಸಿನವನು, ಬೆವತು ಹೋಗಿದ್ದ. ನಮ್ಮವರು ಇಕ್ಕಳ ತೆಗೆದು ಅವನ ಕೈಗಿಟ್ಟರು. "ಪಂಪಿಗೆ ಸೀಲ್ ಇದೆಯಲ್ಲ, ಕತ್ತರಿಸಿಬಿಡು."

ಅವನು ಇಕ್ಕಳವನ್ನು ನೋಡಿದ. ವಾಪಸು ಕೊಟ್ಟ. "ಕೆಲಸ ಹೋಗುತ್ತೆ ಸಾರ್. ಇಬ್ಬರು ಮಕ್ಕಳಿದ್ದಾರೆ."

ನಮ್ಮವರೇ ನುಂಗಿಕೊಂಡು ಬದುಕಿದ ಮಾತು ಅದು. ನಾನು ಕಿಟಕಿಯಿಂದ ಕೂಗಿದ ಮಾತೂ ಅದೇ.

ನಾನು ಇಕ್ಕಳ ಕಿತ್ತುಕೊಂಡೆ. "ಬಾನೆಟ್ ಎತ್ತಪ್ಪ. ನನಗೆ ಯಾವ ಕೆಲಸಾನೂ ಇಲ್ಲ ಹೋಗೋಕೆ. ಯಾರಾದ್ರೂ ಕೇಳಿದ್ರೆ ಯಾವಳೋ ಹುಚ್ಚಿ ಮುರಿದಳು ಅನ್ನು. ಮನೆ ಯಾವುದು ಅಂತ್ಲೂ ಹೇಳು. ಬರಲಿ ನಿಮ್ಮ ಸಾಹೇಬರು, ನಾನೂ ಅವರನ್ನ ನೋಡಬೇಕು."

ಅವನು ಬಾನೆಟ್ ಎತ್ತಿದ. ನಮ್ಮವರು ಬೆರಳು ತೋರಿಸಿದರು. ತಂತಿ ನಾನು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಕತ್ತರಿಸಿದೆ.

ಡ್ರೈವರ್ ಬೇರೆ ಕಡೆ ತಿರುಗಿ ನಿಂತಿದ್ದ. ನಮ್ಮವರು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದರು.