ಒಂದೇ ಹೆಸರಿನ ಇಬ್ಬರು

ಮೌಸ್ ಹಿಡಿದರೆ ಆಪಾರ ಹೆಬ್ಬೆರಳಿನ ಉಗುರು ಬೆಳ್ಳಗಾಗುತ್ತಿತ್ತು. ಅಷ್ಟು ಬಿಗಿ. ಹಲಸೂರಿನ ನಮ್ಮ ಪುಟ್ಟ ಆಫೀಸಿನಲ್ಲಿ ಅವರು ನನಗೆ ಸೀನಿಯರ್, ಶಿವಾಜಿನಗರದವರು. ಮ್ಯಾನೇಜರಿಗೂ ಅವರು ಆಪಾ, ಅಂದರೆ ಅಕ್ಕ. ಗಾಬರಿ ಅವರ ಹುಟ್ಟುಗುಣ. ಬೆಳಿಗ್ಗೆ ಬಂದವರು ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, "ಗ್ಯಾಸ್ ಆಫ್ ಮಾಡಿ ಬಂದ್ಯಾ?" ಎನ್ನುವರು. ನಾವು ನಕ್ಕರೆ, "ನಗಿ, ನಗಿ, ಮನೆ ಸುಟ್ಟುಹೋದ್ಮೇಲೆ ನನ್ನನ್ನೇ ಕರೀತೀರ!"

ಬಾಣಸವಾಡಿಯ ಡಯಾಲಿಸಿಸ್ ಕೇಂದ್ರವೊಂದಕ್ಕೆ ನಾವು ವೆಬ್ ಪೇಜ್ ಮಾಡಿಕೊಟ್ಟೆವು. ಎಡಕ್ಕೆ ಕಾಯುತ್ತಿರುವವರ ಪಟ್ಟಿ, ಬಲಕ್ಕೆ ಮೆಷಿನ್ನುಗಳು. ನರ್ಸ್ ಮೌಸಿನಿಂದ ಹೆಸರು ಎಳೆದು ಆ ಕಡೆ ಬಿಟ್ಟರಾಯಿತು. ಮೊದಲ ದಿನ ನಾನೂ ಆಪಾನೂ ಅಲ್ಲೇ ಕುಳಿತಿದ್ದೆವು. ನೆಟ್ ನಿಧಾನ. ಎಳೆದದ್ದು ಬರಲಿಲ್ಲವೆಂದು ನರ್ಸ್ ಮತ್ತೊಮ್ಮೆ ಎಳೆದರು. ಅಯ್ಯೋ, ಒಬ್ಬರದೇ ಹೆಸರು ಎರಡು ಮೆಷಿನ್ ಹಿಡಿದು ಕೂತಿತು! ಹಾಗಾದರೆ ಇನ್ನೊಬ್ಬರಿಗೆ ಮೆಷಿನ್ ಇಲ್ಲ. ತಕ್ಷಣ ಪೇಜಿನ ಕೋಡ್‌ಗೆ ಒಂದು ಸಾಲು ಸೇರಿಸಿದೆ: ಒಮ್ಮೆ ಬಂದ ಹೆಸರು ಮತ್ತೆ ಬರಕೂಡದು.

ಸ್ವಲ್ಪ ಹೊತ್ತಿಗೆ ನರ್ಸ್ 'ಫಾತಿಮಾ ಬೀ' ಎಂಬ ಹೆಸರು ಎಳೆದರು. ಆ ಹೆಸರು ಆಗಲೇ ಮೆಷಿನ್ ಮೇಲಿತ್ತು, ಪೇಜ್ ತೆಗೆದುಕೊಳ್ಳಲಿಲ್ಲ.

"ಡೂಪ್ಲಿಕೇಟ್, ಆಪಾ. ತಡೀತು ನೋಡಿ!" ಎಂದೆ ಖುಷಿಯಿಂದ.

ಆಪಾರ ಮುಖ ಬಿಳಿಚಿತು. "ಇಬ್ರೂ ಒಬ್ರೇ ಅಂತ ನಿಂಗ್ಯಾರೇ ಹೇಳಿದ್ದು?"

ಎದ್ದವರೇ ಹೊರಗಿನ ಹಾಲಿಗೆ ಓಡಿ ಕೂಗಿದರು, "ಫಾತಿಮಾ ಬೀ!" ಒಬ್ಬ ಫಾತಿಮಾ ಬೀ ಒಳಗೆ ಮೆಷಿನ್ ಪಕ್ಕ ಮಲಗಿದ್ದರು. ಹಾಲಿನ ಮೂಲೆಯಲ್ಲಿ, ಕಾಲು ಊದಿದ್ದ ಇನ್ನೊಬ್ಬ ಮುದುಕಿ ಗೋಡೆ ಹಿಡಿದು ಎದ್ದರು. "ನಾನೇ ಬೇಟಾ. ನನ್ನ ಪಾಳಿ ಬಂತಾ?"

ಹೆಸರು ಬಿಟ್ಟು, ಕೇಂದ್ರ ಪ್ರತಿಯೊಬ್ಬ ರೋಗಿಗೂ ಕೊಟ್ಟಿದ್ದ ನಂಬರ್ ನೋಡುವಂತೆ ಆಪಾ ಕೋಡ್ ತಿದ್ದಿದರು. ಆ ಅಜ್ಜಿ ಒಳಗೆ ಹೋದ ಮೇಲೆಯೇ ಅವರು ಮೌಸ್ ಬಿಟ್ಟದ್ದು.

ಆಮೇಲೆ ಮೆಟ್ಟಿಲ ಮೇಲೆ ಕುಳಿತು ಹೇಳಿದರು. "ನಮ್ಮಲ್ಲಿ ದಾದಿ, ಅಂದ್ರೆ ಅಜ್ಜಿ ಹೆಸರು ಮೊಮ್ಮಕ್ಕಳಿಗೆ ಇಡ್ತಾರೆ. ನಂಗೂ ಅದೇ, ಚಿಕ್ಕಪ್ಪನ ಮಗಳಿಗೂ ಅದೇ. ಮನೇಲಿ ದೊಡ್ಡೋಳು ನಾನು ಬಡೀ, ಚಿಕ್ಕೋಳು ಅವಳು ಛೋಟಿ. ಸ್ಕೂಲಲ್ಲಿ ಒಂದೇ ಹೆಸರು ಎರಡ್ಸಲ ಬರ್ದಿದಾರೆ ಅಂತ ಛೋಟೀದು ಹೊಡೆದುಹಾಕಿದ್ರು. ಬಾಗಿಲಲ್ಲಿ ನಿಂತು ಅಳ್ತಿದ್ಲು ಕಣೇ. ನಾನು ಒಳಗೆ ಬೆಂಚ್ ಮೇಲಿದ್ದೆ."

ಈಚೆಗೆ ಆಪಾ ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಊರವರಿಗಾಗಿ ಗಾಬರಿ ಬೀಳುತ್ತಿದ್ದವರು ತಮ್ಮ ಎದೆನೋವನ್ನು ಮೊದಲು ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ಮನಿದ್ದರಂತೆ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೊನ್ನೆ ನನ್ನ ಫೋನ್ ಕೇಳಿತು: ನಂಬರ್ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಇದೆ, ಒಂದು ಮಾಡಲೇ? ಒಂದು ಆಪಾರದು. ಇನ್ನೊಂದು ಛೋಟಿಯದು, "ನಾನು ಎತ್ತದಿದ್ರೆ ಇವಳಿಗೆ ಮಾಡು" ಎಂದು ಆಪಾನೇ ಕೊಟ್ಟದ್ದು. ಬೇಡ ಎಂದು ಒತ್ತಿದೆ. ಮನಸ್ಸು ತಡೆಯದೆ ಛೋಟಿಗೆ ಫೋನ್ ಮಾಡಿದೆ.

ಆಪಾ ಜೊತೆ ಕೆಲಸ ಮಾಡಿದವಳು ಎಂದು ಹೇಳಿಕೊಂಡೆ. ಅವರು ಮೊದಲು ಕೇಳಿದ್ದೇ, "ಗ್ಯಾಸ್ ಆಫ್ ಮಾಡಿ ಬಂದ್ಯಾ?"