ಕಲ್ಯಾಣದುರ್ಗಕ್ಕೆ ಬಂದ ಸುನಾಮಿಯ ಎತ್ತರ

ಐದು ವರ್ಷದ ಮಗಳನ್ನು ಹಿಂದೂಪುರದಲ್ಲಿ ಗಂಡನ ಬಳಿ ಬಿಟ್ಟು, ನಾನು ಕಲ್ಯಾಣದುರ್ಗದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಊರಿಗೆ ವರ್ಗ ಮಾಡಿ ಎಂದು ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ಈ ಸಲ ಹೆಡ್‌ಮಾಸ್ಟರು, ಸುನಾಮಿ ಅಣಕು ಪ್ರದರ್ಶನದ ವರದಿ ಹೋದರೆ ನಿಮ್ಮ ಫೈಲೂ ಹೋಗುತ್ತದೆ ಎಂದರು. ಶಾಲೆಗಳಿಗೆಲ್ಲ ಒಂದೇ ಸುತ್ತೋಲೆಯಂತೆ. ನಮ್ಮ ಮಕ್ಕಳು ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದಾರೆ ಎಂದು ನಾನು ವಾದಿಸಿದ್ದು ಗೋಡೆಗೆ ಹೇಳಿದ ಹಾಗಾಯಿತು.

ಸರಿ, ಪಾಠ ಮಾಡಿದೆ. ಕಡಲ ತಳದ ನೆಲ ಕಂಪಿಸಿ ದಿಢೀರನೆ ಮೇಲೆದ್ದರೆ ಅದರ ಮೇಲಿನ ನೀರೆಲ್ಲ ಎದ್ದು ಹರಡುತ್ತದೆ. ನಡುಗಡಲಲ್ಲಿ ಸೊಂಟದೆತ್ತರವೂ ಇರದ ಅಲೆ, ದಡದ ಹತ್ತಿರ ಆಳ ಕಡಿಮೆಯಾದಂತೆ ವೇಗ ತಗ್ಗಿ ಮರದೆತ್ತರ ಏಳುತ್ತದೆ. ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕಲೆ ಹುಡುಕಿ, ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಅಳೆಯುತ್ತಾರೆ.

ಟ್ಯಾಂಕರ್ ತರಿಸಿ ಶಾಲೆಯ ಗೋಡೆಗೆ ನೀರು ಹಾಯಿಸಿದೆವು. ಎರಡಡಿ ಕಲೆಯಾಯಿತು. ಅಳತೆಗೆ ನೀರಿನ ಅನುಭವವಿರುವ ಸ್ಥಳೀಯರ ಸಹಿ ಬೇಕೆಂದು ಸುತ್ತೋಲೆಯಲ್ಲಿದ್ದುದರಿಂದ, ಕೆರೆಯಿಂದ ಗದ್ದೆಗಳಿಗೆ ನೀರು ಹಂಚುವ ಮುದುಕ ನೀರಗಂಟಿಯನ್ನು ಕರೆಸಿದ್ದೆವು. ಅವನು ಎರಡಡಿ ಎಂದು ಬರೆಯಲು ಸುತರಾಂ ಒಪ್ಪಲಿಲ್ಲ. ಕೆರೆಯ ನೀರನ್ನು ನೀರು ಬಿಡುವ ತೂಬಿನ ಕಲ್ಲಿನಿಂದ ಅಳೆಯುವುದು ಅವನ ವಂಶದ ಪದ್ಧತಿ.

"ತೂಬಿನಿಂದ ಅಳೀದೆ ಬರೀಬಾರ್ದು ಕಣಮ್ಮ. ನಿಮ್ ಸಮುದ್ರದ ತೂಬು ಎಲ್ಲೈತೆ?"

ಸಮುದ್ರಮಟ್ಟವೇ ಅದರ ತೂಬು ಎಂದುಬಿಟ್ಟೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅವನು ನೆಟ್ಟಗೆ ರೈಲ್ವೆ ಸ್ಟೇಷನ್ನಿಗೆ ಹೋಗಿ, ಹಳದಿ ಬೋರ್ಡಿನಲ್ಲಿ ಬರೆದಿದ್ದ ಸಮುದ್ರಮಟ್ಟದ ಎತ್ತರ ಕೇಳಿಕೊಂಡು ಬಂದು, ಆ ನೂರಾರು ಮೀಟರಿಗೆ ನಮ್ಮ ಎರಡಡಿ ಸೇರಿಸಿ ಸಹಿ ಹಾಕಿದ. ಪಾಠದ ಪ್ರಕಾರ ಅಳತೆ ಸರಿಯಾಗಿಯೇ ಇತ್ತು. ಮಗಳ ಮುಖ ನೆನೆದು ನಾನೂ ಸಹಿ ಹಾಕಿದೆ.

ತಿಂಗಳೊಳಗೆ ವರ್ಗಾವಣೆಯ ಆದೇಶ ಬಂತು. ಇಷ್ಟೆತ್ತರದ ಅಲೆಯನ್ನು ಒಬ್ಬ ವಿದ್ಯಾರ್ಥಿಗೂ ತೊಂದರೆಯಾಗದಂತೆ ನಿಭಾಯಿಸಿದ್ದಕ್ಕೆ ಅಭಿನಂದಿಸಿ, ನನ್ನ ಅನುಭವ ಅಗತ್ಯವಿರುವ ಕಡಲತೀರದ ಶಾಲೆಗೆ ಹಾಕಿದ್ದರು. ಓದಿ ಮೊದಲು ನಕ್ಕೆ, ಆಮೇಲೆ ಸ್ಟಾಫ್‌ರೂಮಿನಲ್ಲಿ ಎಲ್ಲರೆದುರೇ ಅತ್ತೆ.

ಸಂಜೆ ಫೋನಿನಲ್ಲಿ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದಳು:

"ಅಮ್ಮ, ಆ ಅಲೆ ನಮ್ ಹಿಂದೂಪುರಕ್ಕೆ ಬಂದಿದ್ರೆ ನಿನ್ನ ಇಲ್ಲಿಗೇ ಹಾಕ್ತಿದ್ರಾ?"